ಮಗನನ್ನು ನೆಂಟರೆಲ್ಲ ‘ನಲ್ಲೋಡು’ ಎಂದು ಕರೆಯುತ್ತಾರೆ, ಈ ಹೆಸರನ್ನು ಹೇಗೆ ಬಿಡಿಸಲಿ?

ಪ್ರಶ್ನೆ: ಕೋಲಾರದಿಂದ ಒಬ್ಬ ತಾಯಿ

ನಾವು ಕೋಲಾರ ನಗರದಲ್ಲಿ ವಾಸವಾಗಿದ್ದೇವೆ. ಪತಿಯ ಊರು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಆ ಮನೆಯ ಮಾತು ತೆಲುಗು, ನಮ್ಮದು ಕನ್ನಡ, ಮಗನಿಗೆ ಎರಡೂ ಬರುತ್ತವೆ. ಅವನಿಗೀಗ ಐದು ವರ್ಷ. ಅವನು ಹುಟ್ಟುವ ಹಿಂದಿನ ವರ್ಷ ಮಾವನವರು ತೀರಿಕೊಂಡಿದ್ದರಿಂದ ನಾಮಕರಣದಲ್ಲಿ ಅವರ ಹೆಸರನ್ನೇ ಇಟ್ಟೆವು. ಆ ಹೆಸರು ಬೇಕೆಂದು ಹಟ ಹಿಡಿದವರೂ ಅತ್ತೆಯವರೇ. ಆದರೆ ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳದ ಅವರಿಗೆ ಮೊಮ್ಮಗನನ್ನು ಆ ಹೆಸರಿನಿಂದ ಕೂಗಲು ನಾಲಿಗೆ ಬರಲಿಲ್ಲ. ಮಗು ತೊಟ್ಟಿಲಲ್ಲಿದ್ದಾಗಲೇ ‘ನಲ್ಲೋಡು’ ಎಂದು ಕರೆಯತೊಡಗಿದರು. ತೆಲುಗು ತಿಳಿಯದವರಿಗೆ ಹೇಳುವುದಾದರೆ, ಅದು ನಮ್ಮ ‘ಕರಿಯ’ ಎಂಬ ಮಾತೇ. ಮಗ ಮಾವನವರ ಹಾಗೆಯೇ ಕಪ್ಪಗಿದ್ದಾನೆ. ಅತ್ತೆಯವರ ಬಾಯಿಂದ ಅದು ಮೈದುನನ ಬಾಯಿಗೆ, ಅಲ್ಲಿಂದ ನಾದಿನಿಯ ಮಕ್ಕಳಿಗೆ, ಕೊನೆಗೆ ಬೀದಿಯ ಅಂಗಡಿಯವರಿಗೂ ಹರಡಿತು.

ಈ ಯುಗಾದಿಗೆ ಊರಿಗೆ ಹೋಗಿದ್ದಾಗ ಎಣ್ಣೆಸ್ನಾನ ಮುಗಿದ ಮೇಲೆ ಮಗ ಕಾಣಿಸಲಿಲ್ಲ. ಹುಡುಕುತ್ತ ಹೋದರೆ ಒಳಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತು ಪೌಡರ್ ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿಕೊಂಡಿದ್ದ. ಮುಖ, ಕತ್ತು, ಮೊಣಕೈ ಎಲ್ಲವೂ ಬೆಳ್ಳಗಾಗಿದ್ದವು. ನನ್ನನ್ನು ನೋಡಿ, “ಅಮ್ಮ, ಈಗ ನನ್ನ ಹೆಸರೇನು?” ಎಂದು ಕೇಳಿದ. ಮೈದುನ ನಗುತ್ತ ಅದನ್ನು ಫೋಟೋ ತೆಗೆದು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ಆ ಪ್ರಶ್ನೆಗೆ ನಾನು ಅಂದು ಏನೂ ಉತ್ತರ ಕೊಡಲಿಲ್ಲ, ಇಂದಿಗೂ ಕೊಟ್ಟಿಲ್ಲ.

ಪತಿಯವರು, “ನನ್ನನ್ನೂ ಚಿಕ್ಕಂದಿನಲ್ಲಿ ಬುಡ್ಡೋಡು (ಪುಟ್ಟವನು) ಎನ್ನುತ್ತಿದ್ದರು, ನನಗೇನಾಯಿತು? ಅಮ್ಮನಿಗೆ ಅವನೆಂದರೆ ಪ್ರಾಣ” ಎನ್ನುತ್ತಾರೆ. ಪ್ರಾಣವೆಂಬುದು ನಿಜ; ರಾತ್ರಿ ಅವನಿಗೆ ಜ್ವರ ಬಂದರೆ ಬೆಳಗಾಗುವವರೆಗೆ ಕುಳಿತೇ ಇರುವವರು ಅವರು. ಅದಕ್ಕಾಗಿಯೇ ನನಗೆ ಮಾತು ಹೊರಡುವುದಿಲ್ಲ. ಬೇಸಿಗೆ ರಜೆಗೆ ಮತ್ತೆ ಊರಿಗೆ ಹೋಗಬೇಕು, ಜೂನ್‌ನಲ್ಲಿ ಹೊಸ ಶಾಲೆಗೆ ಸೇರಿಸಬೇಕು. ಅತ್ತೆಯವರನ್ನು ನೋಯಿಸದೆ ಈ ಹೆಸರನ್ನು ಬಿಡಿಸುವುದು ಹೇಗೆ, ಮಗನಿಗೆ ಏನು ಹೇಳಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ 1: ಚಿಂತಾಮಣಿಯಿಂದ ಒಬ್ಬ ಅಜ್ಜಿ

ತಾಯಿ, ನಾನು ನಿಮ್ಮ ಅತ್ತೆಯವರ ವಯಸ್ಸಿನವಳು, ಆದ್ದರಿಂದ ಮೊದಲು ಅವರ ಕಡೆಯ ಮಾತನ್ನು ಹೇಳಲು ಬಿಡಿ. ನಮ್ಮ ಕಾಲದಲ್ಲಿ ಗಂಡನ ಹೆಸರನ್ನು ಮದುವೆಯ ದಿನ ಹೆಸರು ಹೇಳಿಸುವ ಶಾಸ್ತ್ರದಲ್ಲಿ ನಾಚುತ್ತ ಒಮ್ಮೆ ಹೇಳಿದರೆ ಮುಗಿಯಿತು, ಆಮೇಲೆ ಅದು ಬಾಯಿಗೆ ಬರುವಂತಿರಲಿಲ್ಲ. ಪಡಿತರ ಚೀಟಿ ಬರೆಯುವವರು ಕೇಳಿದರೂ ಪಕ್ಕದವಳ ಕೈಲಿ ಹೇಳಿಸುತ್ತಿದ್ದೆವು. ಹೀಗಿರುವಾಗ ಮೊಮ್ಮಗನಿಗೆ ಆ ಹೆಸರಿಟ್ಟ ಮೇಲೆ ಅವನನ್ನು ಕೂಗಲು ಬೇರೊಂದು ಮಾತು ಬೇಕೇ ಬೇಕು. ಅದರ ಜೊತೆಗೆ ದೃಷ್ಟಿಯ ಭಯವೂ ಇರುತ್ತದೆ. ಹುಟ್ಟಿದ ಮಕ್ಕಳು ಒಂದರ ಹಿಂದೆ ಒಂದು ತೀರಿಕೊಂಡ ಮನೆಯಲ್ಲಿ ಮುಂದಿನ ಮಗುವನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪ, ತಿಪ್ಪಮ್ಮ ಎಂದು ಹೆಸರಿಡುತ್ತಿದ್ದರು. ಹೆಸರು ಹೀನವಾಗಿದ್ದರೆ ಸಾವು ಆ ಮಗುವಿನತ್ತ ತಿರುಗಿ ನೋಡುವುದಿಲ್ಲ ಎಂಬ ನಂಬಿಕೆ. ಆ ಹೆಸರಿನಲ್ಲಿ ಅವಮಾನವಿರಲಿಲ್ಲ, ಮಗು ಉಳಿಯಲಿ ಎಂಬ ಹರಕೆಯಿತ್ತು.

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ನಾನು ನನ್ನ ಮಗಳ ಮಗಳನ್ನು ‘ಕುಳ್ಳಿ’ ಎಂದು ಕರೆಯುತ್ತಿದ್ದೆ, ಎಷ್ಟು ಮುದ್ದಿನಿಂದ ಎಂದರೆ ಅವಳ ನಿಜವಾದ ಹೆಸರು ನನಗೆ ತಟ್ಟನೆ ನೆನಪಾಗುತ್ತಿರಲಿಲ್ಲ. ಅವಳಿಗೆ ಏಳು ವರ್ಷವಾದಾಗ ಶಾಲೆಯಲ್ಲಿ ಮಕ್ಕಳ ಎತ್ತರ, ತೂಕ ಅಳೆಯುವ ದಿನ ಹೊಟ್ಟೆನೋವೆಂದು ಮಲಗಿದಳು. ಮರುವರ್ಷವೂ ಅದೇ ದಿನ ಅದೇ ಹೊಟ್ಟೆನೋವು. ನನ್ನ ಮಗಳು ಕಾರಣವನ್ನು ಕೇಳಿ ತಿಳಿದು ನನಗೆ ಹೇಳಿದಾಗ ನಾನು ನೀರೊಲೆಯ ಮುಂದೆ ಕುಳಿತು ಅತ್ತೆ. ಆ ಮಾತನ್ನು ನನಗೆ ಎರಡು ವರ್ಷ ಮೊದಲೇ ಹೇಳಿದ್ದರೆ ಎಂದು ಇಂದಿಗೂ ಅನಿಸುತ್ತದೆ. ನೋಯುತ್ತೇವೆಂದು ಹೆದರಿ ನಮ್ಮಿಂದ ಮುಚ್ಚಿಡಬೇಡಿ.

ಅತ್ತೆಯವರು ಒಬ್ಬರೇ ಇರುವಾಗ ಪೌಡರ್ ಡಬ್ಬಿಯ ವಿಷಯವನ್ನು, ಮಗ ಕೇಳಿದ ಪ್ರಶ್ನೆಯ ಸಮೇತ, ಇದ್ದದ್ದು ಇದ್ದ ಹಾಗೆ ಹೇಳಿ. ‘ಹಾಗೆ ಕರೆಯಬೇಡಿ’ ಎನ್ನುವುದಕ್ಕಿಂತ ‘ಮಾವನವರ ಹೆಸರು ನಿಮ್ಮ ಬಾಯಿಗೆ ಬರುವುದಿಲ್ಲವೆಂದು ಗೊತ್ತು, ನೀವೇ ಒಂದು ಹೆಸರು ಆರಿಸಿ ಕೊಡಿ’ ಎಂದು ಕೇಳಿ. ತಾತನ ಹೆಸರಿನ ಮೊಮ್ಮಗನನ್ನು ‘ಅಯ್ಯ’, ‘ತಾತಯ್ಯ’, ‘ಸ್ವಾಮಿ’ ಎಂದು ಕೂಗುವ ಅಜ್ಜಿಯರು ನಮ್ಮ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಹೊಸ ಮಾತು ಕೊಡದೆ ಹಳೆಯದನ್ನು ಕಿತ್ತುಕೊಂಡರೆ ಅವರು ಮಗುವನ್ನು ಕೂಗುವುದನ್ನೇ ಬಿಟ್ಟುಬಿಟ್ಟಾರು.

ಉತ್ತರ 2: ತುಮಕೂರಿನಿಂದ ಒಬ್ಬ ಶಿಕ್ಷಕಿ

ಮೇಲಿನ ಅಜ್ಜಿಯವರ ಮಾತಿಗೆ ನಾನು ಸೇರಿಸಬೇಕಾದದ್ದು ಮಗನಿಗೆ ಕೊಡಬೇಕಾದ ಉತ್ತರದ ಬಗ್ಗೆ. ಪ್ರಾಥಮಿಕ ಶಾಲೆಯಲ್ಲಿ ಹದಿನೆಂಟು ವರ್ಷಗಳಿಂದ ಪಾಠ ಮಾಡುತ್ತಿರುವ ನಾನು ಕಂಡಂತೆ, ಇಂಥ ಸಂದರ್ಭದಲ್ಲಿ ತಾಯಂದಿರು ಮೊದಲು ಹೇಳುವ ಮಾತು ‘ನೀನು ಕಪ್ಪಗಿಲ್ಲ ಕಂದ’ ಎಂಬುದು. ದಯವಿಟ್ಟು ಅದನ್ನು ಹೇಳಬೇಡಿ. ಮಗುವಿಗೆ ಕಣ್ಣಿದೆ, ಮನೆಯಲ್ಲಿ ಕನ್ನಡಿಯೂ ಇದೆ. ನೀವು ಸುಳ್ಳು ಹೇಳಿದಿರೆಂಬುದು ಅವನಿಗೆ ಕೂಡಲೇ ತಿಳಿಯುತ್ತದೆ, ಮತ್ತು ಅಮ್ಮನೂ ಸುಳ್ಳು ಹೇಳಿ ಮುಚ್ಚುವಷ್ಟು ಕೆಟ್ಟದ್ದು ಕಪ್ಪು ಬಣ್ಣ ಎಂಬುದು ಆ ಕ್ಷಣದಲ್ಲಿ ಅವನ ಮನಸ್ಸಿನಲ್ಲಿ ನಿಂತುಬಿಡುತ್ತದೆ. ‘ಹೌದು, ನಿನ್ನದು ಕಪ್ಪು ಬಣ್ಣ, ತಾತನ ಬಣ್ಣ’ ಎಂದು ಹೇಳಿ ತಾತನ ಫೋಟೋ ತೋರಿಸಿ. ಚರ್ಮದಲ್ಲಿರುವ ಮೆಲನಿನ್ ಎಂಬ ವಸ್ತುವಿನಿಂದ ಆ ಬಣ್ಣ ಬರುತ್ತದೆ, ಅದು ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿ ಮೈಯನ್ನು ಕಾಯುತ್ತದೆ. ಐದು ವರ್ಷದವನಿಗೆ ‘ನಿನ್ನ ಮೈಯೇ ನಿನಗೆ ಕೊಡೆ ಹಿಡಿದಿದೆ’ ಎಂದರೆ ಅರ್ಥವಾಗುತ್ತದೆ. ಆಮೇಲೆ, ‘ಆದರೆ ಬಣ್ಣವೇ ಹೆಸರಲ್ಲ, ನಿನ್ನ ಹೆಸರು ಇದು’ ಎಂದು ಅವನ ಹೆಸರನ್ನು ಹೇಳಿ. ಅವನು ಕೇಳಿದ್ದೂ ಅದನ್ನೇ ಅಲ್ಲವೇ?

ಹೆಸರು ಮಗುವಿನ ಕಿವಿಗೆ ಬಹಳ ಬೇಗ ಅಂಟುತ್ತದೆ. ಹಸುಗೂಸುಗಳು ಸುಮಾರು ನಾಲ್ಕೂವರೆ ತಿಂಗಳಿಗೇ ತಮ್ಮ ಹೆಸರಿನ ಧ್ವನಿಯನ್ನು ಬೇರೆ ಮಾತುಗಳಿಂದ ಬೇರ್ಪಡಿಸಿ ಗುರುತಿಸುತ್ತವೆ ಎಂಬುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಐದು ವರ್ಷ ಕೇಳಿದ ಹೆಸರು ಐದು ದಿನದಲ್ಲಿ ಹೋಗುವುದಿಲ್ಲವೆಂಬುದಕ್ಕೆ ಸಿದ್ಧರಾಗಿರಿ.

ಶಾಲೆಯ ಬಗ್ಗೆ ಒಂದು ಮಾತು. ಅಡ್ಡಹೆಸರು ಶಾಲೆಗೆ ಬರುವುದು ಹೆಚ್ಚಾಗಿ ಅದೇ ಶಾಲೆಯಲ್ಲಿ ಓದುವ ನೆಂಟರ ಮಕ್ಕಳ ಮೂಲಕ, ಇಲ್ಲವೇ ಗೇಟಿನ ಬಳಿ ಕರೆದುಕೊಂಡು ಹೋಗಲು ಬಂದ ಹಿರಿಯರ ಕೂಗಿನಿಂದ. ಆದ್ದರಿಂದ ಮೊದಲ ವಾರವೇ ತರಗತಿ ಶಿಕ್ಷಕರನ್ನು ಕಂಡು ವಿಷಯ ತಿಳಿಸಿ. ಶಿಕ್ಷಕರೇ ಹಾಗೆ ಕರೆದು ಮಗುವನ್ನು ಕುಗ್ಗಿಸುತ್ತಿದ್ದರೆ ಸುಮ್ಮನಿರಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣವು ದೈಹಿಕ ದಂಡನೆಯನ್ನು ಮಾತ್ರವಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ದಾಖಲಾತಿಯ ದಿನ ಜನನ ಪ್ರಮಾಣಪತ್ರದಲ್ಲಿರುವ ಹೆಸರನ್ನು ನೀವೇ ಕುಳಿತು ಬರೆಸಿ, ಬೇರೆಯವರನ್ನು ಕಳಿಸಬೇಡಿ. ‘ಗುಂಡ’ ಎಂದು ಬರೆಸಿ ಬಂದ ಸೋದರಮಾವನೊಬ್ಬರಿಂದಾಗಿ ಎಸ್‌ಎಸ್‌ಎಲ್‌ಸಿ ಹೊತ್ತಿಗೆ ಕಚೇರಿಯಿಂದ ಕಚೇರಿಗೆ ಅಲೆದ ಕುಟುಂಬವನ್ನು ನಾನು ಬಲ್ಲೆ.

ಉತ್ತರ 3: ಶಿಡ್ಲಘಟ್ಟದಿಂದ

ನಿಮ್ಮ ಪತಿಯವರು ಕೇಳಿದ ‘ನನಗೇನಾಯಿತು’ ಎಂಬ ಪ್ರಶ್ನೆಗೆ ಉತ್ತರಿಸಬೇಕೆನಿಸಿತು. ನಮ್ಮದು ರೇಷ್ಮೆ ಸಾಕುವ ಮನೆ. ಹುಳುವಿಗೆ ಸಪ್ಪೆ ರೋಗ ತಗುಲಿದರೆ ಅದು ಸೊಪ್ಪು ಬಿಟ್ಟು ಮೆತ್ತಗಾಗುತ್ತದೆ, ಅಂಥ ಹುಳುವನ್ನು ಆರಿಸಿ ಎಸೆಯುತ್ತಾರೆ. ಹುಟ್ಟುವಾಗ ತೂಕ ಕಡಿಮೆಯಿದ್ದ, ಊಟ ಸರಿಯಾಗಿ ಮಾಡದ ನನ್ನನ್ನು ದೊಡ್ಡಪ್ಪ ‘ಸಪ್ಪೆ’ ಎಂದರು, ಮನೆಯೆಲ್ಲ ಹಾಗೇ ಎಂದಿತು. ನಾಲ್ಕನೇ ಜ್ವರ (ಹುಳು ಪೊರೆ ಬಿಡುವುದನ್ನು ನಾವು ಜ್ವರ ಎನ್ನುತ್ತೇವೆ) ಎದ್ದ ಹುಳುವಿಗೆ ಸೊಪ್ಪು ಹಾಕುವಾಗ, ಎಸೆಯಬೇಕಾದವುಗಳನ್ನು ಆರಿಸುವ ಕೆಲಸ ಮಕ್ಕಳದಾಗಿರುತ್ತಿತ್ತು. ಆ ತಟ್ಟೆಯ ಮುಂದೆ ಕುಳಿತು ನಾನು ಏನನ್ನು ಯೋಚಿಸುತ್ತಿದ್ದೆನೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ನನಗೂ ‘ಏನೂ ಆಗಲಿಲ್ಲ’. ಓದಿದೆ, ಕೆಲಸಕ್ಕೆ ಸೇರಿದೆ. ಆದರೆ ನನ್ನ ನಿಶ್ಚಿತಾರ್ಥದ ದಿನ ದೊಡ್ಡಪ್ಪ ಬೀಗರೆದುರು ಆ ಹೆಸರಿನಿಂದ ಕೂಗಿದಾಗ ಇಪ್ಪತ್ತೊಂಬತ್ತು ವರ್ಷದ ನಾನು ಮತ್ತೆ ಆ ತಟ್ಟೆಯ ಮುಂದೆ ಕುಳಿತಿದ್ದೆ.

ಎಲ್ಲ ಮುದ್ದಿನ ಹೆಸರೂ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅಕ್ಕ ನನ್ನನ್ನು ‘ಪುಟ್ಟಿ’ ಎಂದು ಹುಡುಗಿಯ ಹೆಸರಿನಿಂದಲೇ ಕರೆಯುತ್ತಾಳೆ, ಅದು ನನಗೆ ಇಂದಿಗೂ ಇಷ್ಟ. ನಿಮ್ಮ ಪತಿಯವರಿಗೆ ‘ಬುಡ್ಡೋಡು’ ನೋಯಿಸದೆ ಇದ್ದಿರಬಹುದು. ಆದರೆ ಅವರ ಮಗನಿಗೆ ನೋವಾಗಿದೆಯೆಂಬುದನ್ನು ಆ ಪೌಡರ್ ಡಬ್ಬಿಯೇ ಹೇಳಿದೆ.

ಅತ್ತೆಯವರ ಬಳಿ ನೀವು ಮಾತನಾಡಿ, ಆದರೆ ಮೈದುನನ ಬಳಿ ಪತಿಯವರೇ ಮಾತನಾಡಬೇಕು. ಸೊಸೆ ಹೇಳಿದರೆ ಅದು ಮನೆತನದ ಜಗಳವಾಗುತ್ತದೆ, ಅಣ್ಣ ಹೇಳಿದರೆ ಅಣ್ಣತಮ್ಮಂದಿರ ಮಾತಾಗಿ ಮುಗಿಯುತ್ತದೆ. ನನ್ನ ಮಗಳಿಗೆ ಇಂಥದೇ ಹೆಸರು ಬಿದ್ದಾಗ ನಾನು ಮಾಡಿದ್ದು ಇಷ್ಟೇ: ಯಾರಾದರೂ ಹಾಗೆ ಕರೆದಾಗಲೆಲ್ಲ ದನಿ ಏರಿಸದೆ, ನಗದೆ, ಅವಳ ಹೆಸರನ್ನು ಒಮ್ಮೆ ಹೇಳಿ ಮುಂದಿನ ಮಾತಿಗೆ ಹೋಗುತ್ತಿದ್ದೆ. ಬೇಸರವಾಗುವಷ್ಟು ಸಲ ಹೇಳಬೇಕಾಯಿತು. ವಾಟ್ಸ್ಆ್ಯಪ್ ಗುಂಪಿನಲ್ಲಿರುವ ಫೋಟೋವನ್ನು ಮಾತ್ರ ಇಂದೇ ತೆಗೆಸಿ, ಅದಕ್ಕೆ ಕಾಯಬೇಡಿ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಮೂವರಿಗೂ ನನ್ನ ನಮಸ್ಕಾರಗಳು. ಶಿಡ್ಲಘಟ್ಟದವರು ಬರೆದದ್ದನ್ನು ಪತಿಯವರಿಗೆ ಓದಿ ಹೇಳಿದೆ. ಅವರು ಏನೂ ಹೇಳದೆ ಎದ್ದು ಹೋಗಿ ತಮ್ಮನಿಗೆ ಫೋನ್ ಮಾಡಿದರು. ಫೋಟೋ ಅಂದೇ ಹೋಯಿತು. ಮಗನಿಗೆ ತಾತನ ಫೋಟೋ ತೋರಿಸಿದಾಗ ಅವನು ಬಹಳ ಹೊತ್ತು ನೋಡಿ, “ತಾತನಿಗೂ ಕೊಡೆ ಇತ್ತಾ?” ಎಂದು ಕೇಳಿದ.

ಅತ್ತೆಯವರಿಗೆ ಊರಿನಲ್ಲಿ ಹಿತ್ತಿಲ ಕಟ್ಟೆಯ ಮೇಲೆ ಕುಳಿತಿದ್ದಾಗ ಎಲ್ಲವನ್ನೂ ಹೇಳಿದೆ. ಅವರು ಎರಡು ದಿನ ನನ್ನೊಡನೆ ಹೆಚ್ಚು ಮಾತನಾಡಲಿಲ್ಲ, ಮಗನನ್ನಂತೂ ಯಾವ ಹೆಸರಿನಿಂದಲೂ ಕರೆಯಲಿಲ್ಲ. ಕೈಸನ್ನೆ ಮಾಡಿ ಕರೆದು ಊಟ ಬಡಿಸುತ್ತಿದ್ದರು. ಅಜ್ಜಿಯವರು ಎಚ್ಚರಿಸಿದ್ದು ಇದನ್ನೇ ಎಂದು ನನಗೆ ಭಯವಾಗಿತ್ತು. ಮೂರನೆಯ ದಿನ ಬೆಳಿಗ್ಗೆ ತೋಟಕ್ಕೆ ಹೊರಟವರು ಬಾಗಿಲಲ್ಲಿ ನಿಂತು, “ಅಯ್ಯಾ, ಬರ್ತೀಯಾ?” ಎಂದು ತೆಲುಗಿನಲ್ಲಿ ಕೂಗಿದರು. ಮಗ ತನ್ನನ್ನಲ್ಲವೆಂದು ಆಟವಾಡುತ್ತಲೇ ಇದ್ದ. ಅವರು ಎರಡನೆಯ ಸಲ ಕೂಗಿದಾಗ ಓಡಿಹೋದ.

ಮೈದುನ ಇನ್ನೂ ಆಗಾಗ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಈಗ ಮಾವಿನ ಕೊಯ್ಲಿನ ಸಮಯ, ಮಂಡಿಗೂ ತೋಟಕ್ಕೂ ಓಡಾಡುತ್ತಿದ್ದಾರೆ. ಕೊಯ್ಲು ಮುಗಿದ ಮೇಲೆ ಅವರನ್ನು ಎದುರಿಗೆ ಕೂರಿಸಿಕೊಂಡು ಮಾತನಾಡುವುದಾಗಿ ಪತಿಯವರು ಹೇಳಿದ್ದಾರೆ.