ಮೊಬೈಲ್‌ನಲ್ಲಿ ಲೋಗೋದ ಬಣ್ಣ ಮಾಯ, ಲ್ಯಾಪ್‌ಟಾಪ್‌ನಲ್ಲಿ ಸರಿ ಇದೆ (ಎಸ್‌ವಿಜಿ)

ಪಟ್ಟದಗೊಂಬೆ (ಸರಸ್ವತಿಪುರಂ)
ತಲೆ ಕೆಟ್ಟುಹೋಗಿದೆ. ಚಿಕ್ಕಪ್ಪನ ದಸರಾ ಬೊಂಬೆ ಅಂಗಡಿಗೆ ವೆಬ್‌ಸೈಟ್ ಮಾಡುತ್ತಿದ್ದೇನೆ. ಲೋಗೋ ಅಂದರೆ ಪಟ್ಟದ ಗೊಂಬೆಗಳ ಜೋಡಿ. ರಾಜನ ಪೇಟಕ್ಕೆ ಚಿನ್ನದ ಗ್ರೇಡಿಯೆಂಟ್ (ಒಂದು ಛಾಯೆಯಿಂದ ಇನ್ನೊಂದಕ್ಕೆ ನಿಧಾನವಾಗಿ ಕರಗುವ ಬಣ್ಣ), ರಾಣಿಯ ಸೀರೆಗೆ ಕೆಂಪು ಗ್ರೇಡಿಯೆಂಟ್. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ನಾನೇ ಬರೆದದ್ದು, ಎಸ್‌ವಿಜಿ ಫೈಲ್ (ಚಿತ್ರವನ್ನು ಚುಕ್ಕಿಗಳ ಬದಲು ಗೆರೆ, ಆಕಾರಗಳ ಕೋಡಾಗಿ ಬರೆದಿಡುವ ಬಗೆ). ಲ್ಯಾಪ್‌ಟಾಪ್‌ನಲ್ಲಿ ಜಗಮಗ ಅನ್ನುತ್ತದೆ. ಮೊಬೈಲ್‌ನಲ್ಲಿ ತೆಗೆದರೆ ರಾಜನಿಗೆ ಪೇಟ ಇಲ್ಲ, ರಾಣಿಗೆ ಸೀರೆ ಇಲ್ಲ, ಬರೀ ಕಪ್ಪು ಗೆರೆ. ಚಿಕ್ಕಪ್ಪ ಫೋನ್ ನೋಡಿ "ಏನೋ ಇದು, ಮಾನ ಕಳೀತೀಯಲ್ಲೋ" ಅಂದರು. ನವರಾತ್ರಿಗೆ ಮುಂಚೆ ಸೈಟ್ ಶುರುವಾಗಬೇಕು. ಬ್ರೌಸರ್ ಕೂಡಿಟ್ಟ ಹಳೇ ಪ್ರತಿ, ಅದೇ ಕ್ಯಾಶ್, ಕ್ಲಿಯರ್ ಮಾಡಿ ಅಂತ ಮಾತ್ರ ಹೇಳಬೇಡಿ, ಮಾಡಿದ್ದೇನೆ.

ಕರ್ವ್_ಕೆಂಪಣ್ಣ (ಅಶೋಕ ರಸ್ತೆ)
ಕ್ಯಾಶ್ ಕ್ಲಿಯರ್ ಮಾಡಿದಿರಾ? ಇನ್‌ಕಾಗ್ನಿಟೋದಲ್ಲಿ ನೋಡಿ. ಇನ್ನೊಂದು ಮಾತು, ಇಂಕ್‌ಸ್ಕೇಪ್ ಬಿಟ್ಟುಬಿಡಿ. ಕೋರೆಲ್‌ಡ್ರಾದಲ್ಲಿ ಮಾಡಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ನಮ್ಮ ಕಡೆ ಫ್ಲೆಕ್ಸ್, ಸ್ಟಿಕ್ಕರ್, ಲಗ್ನಪತ್ರಿಕೆ ಎಲ್ಲಾ ಅದರಲ್ಲೇ ನಡೆಯುತ್ತಿದೆ.

ನುಡಿಪ್ರಿಯ (ಕುವೆಂಪುನಗರ)
ಲೋಗೋದಲ್ಲಿ ಅಂಗಡಿ ಹೆಸರು ಕನ್ನಡದಲ್ಲಿದೆ ತಾನೇ? ಹಾಗಿದ್ದರೆ ಇದು ಫಾಂಟ್ ಸಮಸ್ಯೆ. ಕಣ್ಣು ಮುಚ್ಚಿ ಹೇಳುತ್ತೇನೆ. ಹಳೇ ನುಡಿ, ಹಳೇ ಬರಹ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣಿಸುತ್ತದೆ. ಯಾವ ಫಾಂಟ್ ಅಂತ ಮೊದಲು ಹೇಳಿ.

ಪಟ್ಟದಗೊಂಬೆ
ಸಾರ್, ಅಕ್ಷರ ಸರಿಯಾಗಿಯೇ ಬರುತ್ತಿದೆ. ನೋಟೋ ಸಾನ್ಸ್ ಕನ್ನಡ, ಯುನಿಕೋಡ್. ಹೋಗಿರುವುದು ಬಣ್ಣ.

ನುಡಿಪ್ರಿಯ
ಆಂಡ್ರಾಯ್ಡ್ ಫೋನಿನಲ್ಲಿ ನೋಟೋ ಮೊದಲೇ ಇರುತ್ತದೆ, ಅದಕ್ಕೇ ನಿಮಗೆ ಸರಿಯಾಗಿ ಕಾಣಿಸುತ್ತಿದೆ. ಅದು ಇಲ್ಲದ ಕಡೆ ಬೇರೆ ಫಾಂಟ್ ಬಂದು ಕೂರುತ್ತದೆ, ಅಗಲ ಬದಲಾಗುತ್ತದೆ, ಹೆಸರು ಗೊಂಬೆಯ ಕಾಲ ಮೇಲೆ ಹತ್ತುತ್ತದೆ. ಹೆಸರನ್ನು ಸೆಲೆಕ್ಟ್ ಮಾಡಿ, ಪಾತ್ ಮೆನುವಿನಲ್ಲಿ ಆಬ್ಜೆಕ್ಟ್ ಟು ಪಾತ್ ಕೊಡಿ, ಅಕ್ಷರ ಫಾಂಟ್ ಬೇಡದ ಬರೀ ಆಕಾರವಾಗುತ್ತದೆ. ಶಾರ್ಟ್‌ಕಟ್ ಶಿಫ್ಟ್, ಕಂಟ್ರೋಲ್, ಸಿ. ಅದಕ್ಕೆ ಮುಂಚೆ ಒಂದು ಕಾಪಿ ಇಟ್ಟುಕೊಳ್ಳಿ, ಆಮೇಲೆ ಕಾಗುಣಿತ ತಿದ್ದೋಕೆ ಆಗಲ್ಲ. ಇದು ಮಾಡಿದರೆ ಎಲ್ಲಾ ಸರಿಹೋಗುತ್ತದೆ.

ಪಟ್ಟದಗೊಂಬೆ
ಮಾಡಿದೆ. ಅಕ್ಷರ ಮೊದಲಿನ ಹಾಗೇ ಚೆನ್ನಾಗಿದೆ. ರಾಜ ಮೊದಲಿನ ಹಾಗೇ ಬರೀ ತಲೆಯಲ್ಲಿದ್ದಾನೆ.

ನುಡಿಪ್ರಿಯ
ಹಾಗಿದ್ದರೆ ಎಲ್ಲೋ ಒಂದು ಅಕ್ಷರ ಪಾತ್ ಆಗದೆ ಉಳಿದಿದೆ. ಲೇಯರ್ ಪೂರ್ತಿ ಹುಡುಕಿ.

ಸುಮ್ನೆ_ನೋಡೋನು (ಮದ್ದೂರು)
ಪಿಎನ್‌ಜಿ ಹಾಕಿ ಬಿಸಾಕಿ ಗುರುಗಳೇ. ಬೊಂಬೆ ಅಂಗಡಿಗೆ ಎಸ್‌ವಿಜಿ ಯಾಕೆ?

ಕರ್ವ್_ಕೆಂಪಣ್ಣ
ಸರಿಯಾಗಿ ಹೇಳಿದಿರಿ. ಈ ಎಸ್‌ವಿಜಿ ಅನ್ನೋದು ನಿನ್ನೆ ಮೊನ್ನೆ ಬಂದದ್ದು. ಎಲ್ಲಾ ಫೋನಿನಲ್ಲೂ ಓಡಲ್ಲ.

ಪಾತ್_ಪದ್ಮ (ವಿಜಯನಗರ)
ಕೆಂಪಣ್ಣನವರೇ, ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಎಸ್‌ವಿಜಿ 1.0 ಹೊರತಂದದ್ದು 2001ರಲ್ಲಿ. 1.1 ಬಂದದ್ದು 2003ರಲ್ಲಿ. ನಿನ್ನೆ ಮೊನ್ನೆ ಅಲ್ಲ. ಪಿಎನ್‌ಜಿ ಹಾಕಬಹುದು, ಆದರೆ ಒಂದೇ ಫೈಲ್ ಫೋನಿಗೂ ದೊಡ್ಡ ಪರದೆಗೂ ಚೂಪಾಗಿ ಕಾಣಬೇಕು ಅಂದರೆ ಎಸ್‌ವಿಜಿಯೇ ಸುಲಭ.

ಗೊಂಬೆಯವರೇ, ಮೂರು ವಿಷಯ ಹೇಳಿ. ಲೋಗೋವನ್ನು ಪುಟಕ್ಕೆ ಹೇಗೆ ಹಾಕಿದ್ದೀರಿ, ಇಮೇಜ್ ಟ್ಯಾಗಿನಲ್ಲೋ ಅಥವಾ ಕೋಡನ್ನೇ ಅಂಟಿಸಿದ್ದೀರೋ? ಹಾಕುವ ಮೊದಲು ಯಾವುದಾದರೂ ಟೂಲಿನಲ್ಲಿ ಸೈಜ್ ಇಳಿಸಿದ್ದೀರಾ? ಮೊಬೈಲ್‌ನಲ್ಲಿ ಗ್ರೇಡಿಯೆಂಟ್ ಇರುವ ಭಾಗ ಮಾತ್ರ ಹೋಗಿದೆಯೋ, ಸಾದಾ ಬಣ್ಣವೂ ಹೋಗಿದೆಯೋ?

ಪಟ್ಟದಗೊಂಬೆ
ಕೋಡನ್ನೇ ಅಂಟಿಸಿದ್ದೇನೆ ಮೇಡಂ, ಎಲ್ಲರೂ ಹಾಗೇ ತಾನೇ ಮಾಡೋದು? ಸೈಟ್ ವರ್ಡ್‌ಪ್ರೆಸ್. ಎಸ್‌ವಿಜಿ ಅಪ್‌ಲೋಡ್ ಮಾಡಲು ಹೋದರೆ ಈ ಬಗೆಯ ಫೈಲಿಗೆ ಅನುಮತಿ ಇಲ್ಲ ಅಂತ ಬರುತ್ತದೆ. ಸೈಜ್ ಇಳಿಸಿದ್ದು ಹೌದು, ಆನ್‌ಲೈನ್‌ನಲ್ಲಿ ಸಿಕ್ಕ ಒಂದು ಟೂಲಿನಲ್ಲಿ. ರಾಣಿಯ ಹಣೆಯ ಕುಂಕುಮ ಸಾದಾ ಕೆಂಪು, ಅದು ಹಾಗೇ ಇದೆ. ಇನ್ನೊಂದು ವಿಚಿತ್ರ. ಫೋನನ್ನು ಅಡ್ಡ ಹಿಡಿದರೆ ಬಣ್ಣ ವಾಪಸ್ ಬರುತ್ತದೆ! ಫೋನೇ ಕೆಟ್ಟಿದೆ ಅಂದುಕೊಂಡೆ.

ಖರೀದಿ ಬುಟ್ಟಿಯ ಐಕಾನ್ ಕೂಡ ಹಸಿರು ಇದ್ದದ್ದು ಈಗ ಚಿನ್ನದ ಬಣ್ಣ ಆಗಿದೆ. ಅದು ಬೇರೆ ವಿಷಯ, ಆಮೇಲೆ ನೋಡಿಕೊಳ್ಳುತ್ತೇನೆ.

ಲೇಸರ್_ಮಂಡ್ಯ (ನೂರಡಿ ರಸ್ತೆ)
ಡಾರ್ಕ್ ಮೋಡ್ ಇರಬಹುದು, ಆಫ್ ಮಾಡಿ ನೋಡಿ ಅಣ್ಣ. ಹಾಗೇ ಒಂದು ಮಾತು. ನಾವು ಈಗ 80 ವಾಟ್ ಸಿಒ2 ಲೇಸರ್ ಹಾಕಿಸಿದ್ದೇವೆ. ಜೊತೆಗೆ ನಾಲ್ಕಡಿ ಕಟಿಂಗ್ ಪ್ಲಾಟರ್. ಪಟ್ಟದ ಗೊಂಬೆಯನ್ನು 3 ಎಂಎಂ ಎಂಡಿಎಫ್ ಹಲಗೆಯಲ್ಲಿ ಕಟ್ ಮಾಡಿದರೆ ಗೇಟಿಗೆ ಎಷ್ಟು ಚೆಂದ ಇರುತ್ತದೆ ಗೊತ್ತಾ? ಫೈಲ್ ಕಳಿಸಿ.

ಕರ್ವ್_ಕೆಂಪಣ್ಣ
80 ವಾಟ್ ಅಂತ ಬಿಲ್‌ನಲ್ಲಿ ಬರೆದಿರುತ್ತಾರೆ, ಟ್ಯೂಬ್ ಅಳೆದು ನೋಡಿದ್ದೀರಾ? ನಮ್ಮ ಪ್ಲಾಟರ್ ಹಳೇದು, ಇವತ್ತಿಗೂ ರೇಡಿಯಂ ಅಕ್ಷರ ಕೂದಲೆಳೆ ವ್ಯತ್ಯಾಸ ಇಲ್ಲದೆ ಕತ್ತರಿಸುತ್ತದೆ. ಕೋರೆಲ್‌ನಿಂದ ನೇರ.

ಲೇಸರ್_ಮಂಡ್ಯ
ಬನ್ನಿ ಮಂಡ್ಯಕ್ಕೆ, ಎದುರಿಗೇ ಅಳೆದು ತೋರಿಸುತ್ತೇನೆ.

ಪಾತ್_ಪದ್ಮ
ಟ್ಯೂಬ್ ಆಮೇಲೆ ಅಳೆಯಿರಿ. ಗೊಂಬೆಯವರೇ, ಬುಟ್ಟಿ ಬೇರೆ ವಿಷಯ ಅಲ್ಲ, ಇದೇ ವಿಷಯ. ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್ ಕಿಟಕಿಯನ್ನು ಎಳೆದು ಫೋನಿನಷ್ಟು ಸಣ್ಣದು ಮಾಡಿ. ಅಲ್ಲೂ ಬಣ್ಣ ಹೋಗುತ್ತದಾ? ಪುಟದಲ್ಲಿ ಲೋಗೋ ಎಷ್ಟು ಕಡೆ ಇದೆ?

ಪಟ್ಟದಗೊಂಬೆ
ಅಯ್ಯೋ, ಲ್ಯಾಪ್‌ಟಾಪ್‌ನಲ್ಲೂ ಹೋಗುತ್ತಿದೆ! ಫೋನಿನ ತಪ್ಪಲ್ಲ ಹಾಗಾದರೆ. ಲೋಗೋ ಎರಡು ಕಡೆ ಇದೆ. ಲ್ಯಾಪ್‌ಟಾಪಿಗೆ ಒಂದು ಹೆಡರ್, ಮೊಬೈಲಿಗೆ ಇನ್ನೊಂದು ಹೆಡರ್. ಥೀಮ್ ಇರುವುದೇ ಹಾಗೆ. ಸಣ್ಣ ಪರದೆಯಲ್ಲಿ ಮೊದಲನೆಯದು "ಡಿಸ್‌ಪ್ಲೇ ನನ್" ಆಗುತ್ತದೆ, ಅಂದರೆ ಪೂರ್ತಿ ಅಡಗುತ್ತದೆ.

ನುಡಿಪ್ರಿಯ
ಎರಡು ಹೆಡರ್ ಅಂದರೆ ಎರಡಕ್ಕೂ ಬೇರೆ ಬೇರೆ ಫಾಂಟ್ ಲೋಡ್ ಆಗುತ್ತಿರಬೇಕು.

ಪಾತ್_ಪದ್ಮ
ಮೇಷ್ಟ್ರೇ, ಒಂದು ನಿಮಿಷ ಫಾಂಟ್ ಪಕ್ಕಕ್ಕಿಡಿ. ಇಲ್ಲಿ ಕೋಡ್ ಹಾಕಿದರೆ ಪೋಸ್ಟ್ ಅದನ್ನು ನುಂಗಿಬಿಡುತ್ತದೆ, ಮಾತಿನಲ್ಲೇ ಹೇಳುತ್ತೇನೆ.

ಎಸ್‌ವಿಜಿಯಲ್ಲಿ ಗ್ರೇಡಿಯೆಂಟನ್ನು ಒಂದು ಕಡೆ ಬರೆದು ಅದಕ್ಕೆ ಐಡಿ, ಅಂದರೆ ಗುರುತಿನ ಹೆಸರು, ಕೊಟ್ಟಿರುತ್ತದೆ. ಪೇಟದ ಆಕಾರದಲ್ಲಿ "ಫಿಲ್ (ಒಳಗೆ ತುಂಬುವ ಬಣ್ಣ) ಬೇಕಾದರೆ ಈ ಐಡಿಯವನನ್ನು ಕೇಳು" ಅಂತ ಇರುತ್ತದೆ. ಸೈಜ್ ಇಳಿಸುವ ಟೂಲುಗಳಲ್ಲಿ ಬಹಳಷ್ಟು ಒಳಗಡೆ ಎಸ್‌ವಿಜಿಒ ಅನ್ನುವ ಪ್ರೋಗ್ರಾಂ ಬಳಸುತ್ತವೆ. ಅದರಲ್ಲಿ ಕ್ಲೀನಪ್ ಐಡೀಸ್ ಅಂತ ಒಂದು ಪ್ಲಗಿನ್ ಇದೆ. ಉದ್ದದ ಐಡಿಗಳನ್ನು ಎ, ಬಿ, ಸಿ ಅಂತ ಮೊಟಕು ಮಾಡುತ್ತದೆ. ಫೈಲ್ ಒಂಟಿಯಾಗಿದ್ದರೆ ತೊಂದರೆ ಇಲ್ಲ. ಆದರೆ ಕೋಡನ್ನು ಪುಟಕ್ಕೇ ಅಂಟಿಸಿದಾಗ ಎಲ್ಲಾ ಚಿತ್ರಗಳೂ ಒಂದೇ ಊರಿನವರಾಗುತ್ತವೆ. ಲೋಗೋದಲ್ಲಿ ಎ, ಬುಟ್ಟಿಯಲ್ಲೂ ಎ. ಬ್ರೌಸರ್ ಪುಟದಲ್ಲಿ ಮೊದಲು ಸಿಕ್ಕ ಎ ಯನ್ನೇ ಎಲ್ಲರಿಗೂ ಕೊಡುತ್ತದೆ. ಅದಕ್ಕೇ ನಿಮ್ಮ ಹಸಿರು ಬುಟ್ಟಿ ರಾಜನ ಚಿನ್ನ ಹೊದ್ದುಕೊಂಡಿದೆ.

ಈಗ ಮೊಬೈಲ್. ಎರಡು ಹೆಡರಿನಲ್ಲೂ ಅದೇ ಲೋಗೋ, ಅದೇ ಐಡಿ. ಮೊದಲು ಸಿಗುವ ಎ ಇರುವುದು ಲ್ಯಾಪ್‌ಟಾಪ್ ಹೆಡರಿನಲ್ಲಿ. ಸಣ್ಣ ಪರದೆಯಲ್ಲಿ ಆ ಹೆಡರ್ ಡಿಸ್‌ಪ್ಲೇ ನನ್. ಅದರ ಒಳಗಿನ ಗ್ರೇಡಿಯೆಂಟನ್ನು ಬ್ರೌಸರ್ ಕಟ್ಟುವುದೇ ಇಲ್ಲ. ಮೊಬೈಲ್ ಲೋಗೋ ಅದನ್ನೇ ಕೇಳುತ್ತದೆ, ಏನೂ ಸಿಗಲ್ಲ, ಪೇಟ ಖಾಲಿ. ಕುಂಕುಮ ಯಾರನ್ನೂ ಕೇಳಬೇಕಿಲ್ಲ, ಅದಕ್ಕೇ ಉಳಿದಿದೆ. ಫೋನ್ ಅಡ್ಡ ಹಿಡಿದಾಗ ಅಗಲ ಜಾಸ್ತಿಯಾಗಿ ಮೊದಲ ಹೆಡರ್ ಬರುತ್ತದೆ, ಬಣ್ಣವೂ ಬರುತ್ತದೆ.

ಮಾಡಬೇಕಾದ್ದು: ಮೂರು ಚಿತ್ರಕ್ಕೂ ಬೇರೆ ಬೇರೆ ಐಡಿ ಕೊಡಿ. ಮೊಬೈಲ್ ಲೋಗೋದ ಎ ಯನ್ನು ಮೊಬ್-ಎ ಮಾಡಿದರೆ, ಫಿಲ್‌ನಲ್ಲಿ ಹ್ಯಾಶ್ (#) ಎ ಇರುವ ಕಡೆಯೆಲ್ಲಾ ಹ್ಯಾಶ್ ಮೊಬ್-ಎ ಆಗಬೇಕು. ಒಂದು ಬಿಟ್ಟರೂ ಅದು ಖಾಲಿ. ಕೈಯಲ್ಲಿ ಮಾಡೋಕೆ ಬೇಜಾರಾದರೆ ಎಸ್‌ವಿಜಿಒದಲ್ಲೇ ಪ್ರಿಫಿಕ್ಸ್ ಐಡೀಸ್ ಪ್ಲಗಿನ್ ಇದೆ, ಪ್ರತಿ ಫೈಲಿಗೂ ಬೇರೆ ಹೆಸರು ಸೇರಿಸುತ್ತದೆ. ಕ್ಲಿಪ್, ಮಾಸ್ಕ್, ಫಿಲ್ಟರ್‌ಗೂ ಇದೇ ಕಾಟ, ಅವನ್ನೂ ನೋಡಿಕೊಳ್ಳಿ.

ಸುಮ್ನೆ_ನೋಡೋನು
ಇಮೇಜ್ ಟ್ಯಾಗಿನಲ್ಲಿ ಹಾಕಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ ಅಲ್ವಾ?

ಪಾತ್_ಪದ್ಮ
ಹೌದು. ಇಮೇಜ್ ಟ್ಯಾಗಿನಲ್ಲಿ ಪ್ರತಿ ಫೈಲೂ ತನ್ನದೇ ಬೇರೆ ದಾಖಲೆ, ಐಡಿ ಜಗಳ ಇಲ್ಲ. ಆದರೆ ಅಲ್ಲಿ ಹೊರಗಿನ ಫಾಂಟ್ ಲೋಡ್ ಆಗಲ್ಲ, ಸ್ಕ್ರಿಪ್ಟ್ ಓಡಲ್ಲ, ಪುಟದ ಸಿಎಸ್‌ಎಸ್ (ಬಣ್ಣ, ಅಳತೆ ಹೇಳುವ ಕೋಡ್) ಒಳಗೆ ತಲುಪಲ್ಲ. ಅಂದರೆ ಮೌಸ್ ಇಟ್ಟಾಗ ಸೀರೆ ಬಣ್ಣ ಬದಲಾಗಬೇಕು ಅನ್ನುವ ಆಟ ಆಗಲ್ಲ. ಅಲ್ಲಿ ಮಾತ್ರ ಮೇಷ್ಟ್ರು ಹೇಳಿದ ಆಬ್ಜೆಕ್ಟ್ ಟು ಪಾತ್ ಬೇಕೇ ಬೇಕು.

ಅಪ್‌ಲೋಡ್ ಬಿಡದಿರುವುದಕ್ಕೂ ಕಾರಣ ಇದೆ. ಎಸ್‌ವಿಜಿ ಅಂದರೆ ಎಕ್ಸ್‌ಎಂಎಲ್ ಎಂಬ ಟ್ಯಾಗುಗಳ ಪಠ್ಯ, ಒಳಗೆ ಸ್ಕ್ರಿಪ್ಟ್ ಬಚ್ಚಿಡಬಹುದು. ಅದಕ್ಕೇ ವರ್ಡ್‌ಪ್ರೆಸ್ ತಾನಾಗಿ ಅದಕ್ಕೆ ಅನುಮತಿ ಕೊಡುವುದಿಲ್ಲ. ಸೇಫ್ ಎಸ್‌ವಿಜಿ ಅನ್ನುವ ಪ್ಲಗಿನ್ ಹಾಕಿದರೆ ಫೈಲನ್ನು ಸೋಸಿ ಒಳಗೆ ಬಿಡುತ್ತದೆ. ಇದೇ ಭಯಕ್ಕೆ 2025ರಲ್ಲಿ ಔಟ್‌ಲುಕ್‌ನ ವೆಬ್ ಆವೃತ್ತಿ, ವಿಂಡೋಸ್‌ನ ಹೊಸ ಔಟ್‌ಲುಕ್ ಎರಡೂ ಮೇಲ್ ಒಳಗಿನ ಎಸ್‌ವಿಜಿ ಚಿತ್ರ ತೋರಿಸುವುದನ್ನು ನಿಲ್ಲಿಸಿದವು. ಅಂಗಡಿಯ ಮೇಲ್‌ಗೆ ಲೋಗೋ ಹಾಕುವುದಿದ್ದರೆ ಅಲ್ಲಿ ಪಿಎನ್‌ಜಿಯೇ ಇರಲಿ. ಮದ್ದೂರಿನವರಿಗೂ ಸಮಾಧಾನ.

ನುಡಿಪ್ರಿಯ
ಪಾತ್ ಬೇಕೇ ಬೇಕು ಅಂತ ಈಗ ಒಪ್ಪಿದಿರಿ. ನಾನು ಮೊದಲೇ ಹೇಳಿದ್ದು ಅದೇ.

ಪಾತ್_ಪದ್ಮ
ಬಣ್ಣಕ್ಕಲ್ಲ ಮೇಷ್ಟ್ರೇ!

ಪಟ್ಟದಗೊಂಬೆ
ಬಂತು! ಐಡಿ ಬದಲಾಯಿಸಿದೆ, ರಾಜನಿಗೆ ಪೇಟ ಬಂತು, ಬುಟ್ಟಿ ಹಸಿರಾಯಿತು. ಪದ್ಮ ಮೇಡಂ, ಅಂಗಡಿ ಕಡೆ ಬಂದರೆ ಒಂದು ಜೊತೆ ಗೊಂಬೆ ನಿಮಗೆ. ಚಿಕ್ಕಪ್ಪ ಈಗ ರಾಣಿ ಸೀರೆ ಕೆಂಪು ಬೇಡ, ಮೈಸೂರು ರೇಷ್ಮೆ ಥರ ನೇರಳೆ ಮಾಡು, ಜರಿ ಅಂಚು ಬೇಕು ಅನ್ನುತ್ತಿದ್ದಾರೆ. ಅದು ನನ್ನ ಹಣೆಬರಹ.

ಲೇಸರ್_ಮಂಡ್ಯ
ಟಾಪಿಕ್ ಬೇರೆ ಅನ್ನಬೇಡಿ, ಇದೂ ಎಸ್‌ವಿಜಿಯೇ. ಗಿರಾಕಿಯೊಬ್ಬರು ನಾಮಫಲಕದ ಫೈಲ್ ಕಳಿಸಿದ್ದಾರೆ. ಅಗಲ 100 ಎಂಎಂ ಅನ್ನುತ್ತಾರೆ. ನಮ್ಮ ಕಟಿಂಗ್ ಸಾಫ್ಟ್‌ವೇರಿನಲ್ಲಿ ತೆಗೆದರೆ 75. ಇನ್ನೊಬ್ಬರ ಹಳೇ ಫೈಲೂ 100 ಇರಬೇಕು, 93.75 ಬರುತ್ತಿದೆ. ಮಷಿನ್ ಕ್ಯಾಲಿಬ್ರೇಶನ್ ಎರಡು ಸಲ ಮಾಡಿಸಿದೆ.

ಕರ್ವ್_ಕೆಂಪಣ್ಣ
ನಾನು ಹೇಳಲಿಲ್ವಾ, ಟ್ಯೂಬ್ ಅಳೆಯಿರಿ ಅಂತ.

ಪಾತ್_ಪದ್ಮ
ಟ್ಯೂಬಿಗೂ ಅಳತೆಗೂ ಏನು ಸಂಬಂಧ ಕೆಂಪಣ್ಣನವರೇ? ಮಷಿನ್ ಮುಟ್ಟಬೇಡಿ. ಮೊದಲ ಫೈಲ್ ಇಲ್ಲಸ್ಟ್ರೇಟರ್‌ನದ್ದು ಇರಬೇಕು. ಅದು ಇಂಚಿಗೆ 72 ಪಿಕ್ಸೆಲ್ ಲೆಕ್ಕದಲ್ಲಿ ಬರೆಯುತ್ತದೆ, ನಿಮ್ಮ ಸಾಫ್ಟ್‌ವೇರ್ 96 ಅಂತ ಓದುತ್ತಿದೆ. 72 ಭಾಗಿಸು 96 ಅಂದರೆ ಮುಕ್ಕಾಲು. ಎರಡನೆಯದು ಹಳೇ ಇಂಕ್‌ಸ್ಕೇಪ್. 0.92 ಬರುವ ತನಕ ಅದು 90 ಲೆಕ್ಕ ಇಟ್ಟುಕೊಂಡಿತ್ತು, 2017ರಲ್ಲಿ 96ಕ್ಕೆ ಬದಲಾಯಿತು. 90 ಭಾಗಿಸು 96 ಮಾಡಿ 100ರಿಂದ ಗುಣಿಸಿ ನೋಡಿ, ನಿಮ್ಮ 93.75 ಬರುತ್ತದೆ. ಇಂಪೋರ್ಟ್ ಸೆಟ್ಟಿಂಗ್‌ನಲ್ಲಿ ಡಿಪಿಐ, ಅಂದರೆ ಇಂಚಿನ ಈ ಲೆಕ್ಕ, ಬದಲಾಯಿಸಿ, ಇಲ್ಲಾ ಗಿರಾಕಿಗೆ ಅಗಲ ಎತ್ತರವನ್ನು ಎಂಎಂನಲ್ಲೇ ಬರೆದು ವ್ಯೂಬಾಕ್ಸ್ (ಚಿತ್ರದ ಒಳ ಅಳತೆಯ ಚೌಕಟ್ಟು) ಜೊತೆ ಕಳಿಸಲು ಹೇಳಿ.

ಲೇಸರ್_ಮಂಡ್ಯ
72 ಮಾಡಿದೆ, 100 ಬಂತು. ಆದರೆ ಈಗ ಫಲಕದಲ್ಲಿ ಮನೆ ಹೆಸರೇ ಇಲ್ಲ, ಬಳ್ಳಿ ಅಂಚು ಮಾತ್ರ ಇದೆ.

ನುಡಿಪ್ರಿಯ
ಹೆಸರನ್ನು ಪಾತ್ ಮಾಡದೆ ಕಳಿಸಿದ್ದಾರೆ. ಫಾಂಟ್ ಯಾವುದು ಅಂತ ಕೇಳಿ.

ಲೇಸರ್_ಮಂಡ್ಯ
ಫೋನ್ ಮಾಡಿದೆ. ಹಳೇ ನುಡಿ ಅಂತೆ.