ಸಹಾಯ ಬೇಕು: 13.5 ಮೀಟರ್ ರೆಕ್ಕೆಹರವಿನ ವರ್ಗದ ವಿದ್ಯುತ್ ಗ್ಲೈಡರ್ ಆಯ್ಕೆ

ಎಳೆಯುವ ವಿಮಾನದ ನೆರವಿಲ್ಲದೆ ತಾನಾಗಿಯೇ ಮೇಲೇರಬಲ್ಲ, ಸ್ಪರ್ಧೆಗೂ ಯೋಗ್ಯವಾದ ಹೊಸ ಹಗುರ ವಿದ್ಯುತ್ ಗ್ಲೈಡರ್ ಕೊಳ್ಳುವ ಆಲೋಚನೆಯಲ್ಲಿದ್ದೇನೆ. ಇವುಗಳನ್ನು ಹಾರಿಸಿದವರ ಅನುಭವ ತಿಳಿಯಬೇಕಾಗಿದೆ. ಲಿಥುವೇನಿಯಾದ ಮಿನಿ ಲ್ಯಾಕ್, ಇಟಲಿಯ ಸೈಲೆಂಟ್ 2 ಎಲೆಕ್ಟ್ರೋ ಮತ್ತು ಪೋಲೆಂಡಿನ ಜಿಪಿ 14 ನನ್ನ ಗಮನದಲ್ಲಿವೆ.

ಮೊದಲ ಎರಡರಲ್ಲಿ ಪ್ರೊಪೆಲ್ಲರ್ ಮೂತಿಯಲ್ಲೇ ಇದ್ದು, ಮೋಟಾರ್ ನಿಂತೊಡನೆ ಅದರ ಅಲಗುಗಳು ಒಡಲಿಗೆ ಒತ್ತಿಕೊಂಡು ಮಡಚಿಕೊಳ್ಳುತ್ತವೆ. ಜಿಪಿ 14ರಲ್ಲಾದರೋ ಅದು ಕಾಕ್‌ಪಿಟ್‌ನ ಹಿಂದಿನಿಂದ ಕಂಬದ ಮೇಲೆ ಎದ್ದು ಬಂದು, ಕೆಲಸ ಮುಗಿದ ಮೇಲೆ ಪೂರ್ತಿ ಒಳಸೇರುತ್ತದೆ. ಒಳಸೇರಿದಾಗ ಗಾಳಿಯ ತಡೆ ಕಡಿಮೆ, ನಿಜ. ಆದರೆ ಕಂಬ ಮೇಲೆದ್ದೂ ಮೋಟಾರ್ ತಿರುಗದಿದ್ದರೆ ಎತ್ತರ ಬೇಗನೆ ಕರಗುತ್ತದೆಂಬುದೇ ನನ್ನ ಮುಖ್ಯ ಆತಂಕ.

ಲೆಕ್ಕದ ಪ್ರಕಾರ 350 ಕಿಲೋ ತೂಕವನ್ನು 1000 ಮೀಟರ್ ಎತ್ತಲು ಸುಮಾರು 1 ಕಿಲೋವ್ಯಾಟ್-ಗಂಟೆ ಶಕ್ತಿ ಸಾಕು. ಮೋಟಾರ್ ಮತ್ತು ಪ್ರೊಪೆಲ್ಲರ್‌ಗಳಲ್ಲಿ ಆಗುವ ನಷ್ಟವನ್ನೂ ಗಾಳಿಯಲ್ಲಿ ಮುಂದೆ ಸಾಗಲು ಬೇಕಾದ ಶಕ್ತಿಯನ್ನೂ ಸೇರಿಸಿದರೆ ಬೇಡಿಕೆ ಬಹಳಷ್ಟು ಹೆಚ್ಚುತ್ತದೆ. ಹಾಗಾಗಿ ಹುಲ್ಲಿನ ಓಡುದಾರಿಯಿಂದ ಎದ್ದ ಮೇಲೆ ಬ್ಯಾಟರಿಯಲ್ಲಿ ಎಷ್ಟು ಉಳಿಯುತ್ತದೆ, ಸಂಜೆ ಥರ್ಮಲ್ (ಮೇಲೇರುವ ಬಿಸಿಗಾಳಿ) ಸಿಗದಿದ್ದರೆ ಅಷ್ಟರಲ್ಲೇ ಮರಳಿ ಬರಬಹುದೇ ಎಂಬುದನ್ನು ಸ್ವಂತ ಹಾರಾಟದ ದಾಖಲೆಯಿಂದ ತಿಳಿಸಿದರೆ ಉಪಕಾರವಾಗುತ್ತದೆ. ಬ್ಯಾಟರಿ ಹಳತಾದಾಗ ತಯಾರಕರು ಬದಲಿ ಒದಗಿಸಿದ್ದಾರೆಯೇ, ಮುಂಗಡ ಕೊಟ್ಟ ಮೇಲೆ ಎಷ್ಟು ಕಾಲ ಕಾಯಬೇಕಾಯಿತು ಎಂಬುದನ್ನೂ ದಯವಿಟ್ಟು ಬರೆಯಿರಿ.