ಸರ್ಟಿಫಿಕೇಟ್ ಹೊಸದಾದ ಮೇಲೆ ಪೋರ್ಟ್ 80 (ಮಾಮೂಲಿ ಎಚ್‌ಟಿಟಿಪಿ ಬಾಗಿಲು) ಪೂರಾ ಎಚ್‌ಟಿಟಿಪಿಎಸ್‌ಗೆ ಹೋಗ್ತಿದೆ, ಮೊದಲಿನಂತೆ ಮಾಡೋದು ಹೇಗೆ?

ಭೋಸರಿ_ಸರ್ವರ್:
ಪುಣೆಯ ಕಾರ್ಖಾನೆಯೊಂದರ ವೆಬ್ ಸರ್ವರ್, ತಂತ್ರಾಂಶ ಎಂಜಿನ್‌ಎಕ್ಸ್. ಸರ್ಟಿಫಿಕೇಟ್ ತರುವ ಸರ್ಟ್‌ಬಾಟ್ ಓಡಿಸುವಾಗ ರೀಡೈರೆಕ್ಟ್ (ಬೇರೆ ವಿಳಾಸಕ್ಕೆ ಕಳಿಸುವ ಆದೇಶ) ಕೂಡ ಸೇರಿಕೊಂಡಿದೆ. ಹಳೇ ಹಾಜರಿ ಯಂತ್ರಗಳಿಗೆ ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನ ಗೂಢಲಿಪಿ) ಬರೋದಿಲ್ಲ, ದಾಖಲೆ ಬರೋದು ನಿಂತಿದೆ. 301 (ಶಾಶ್ವತ ರೀಡೈರೆಕ್ಟ್) ಇರುವ 'ಇಫ್' ಭಾಗ ಅಳಿಸಿದರೆ ಈಗ 404 ('ಪುಟ ಸಿಗಲಿಲ್ಲ') ಬರ್ತಿದೆ.

ಠಾಣೆ_ಲಿನಕ್ಸ್:
404 ಬರಲೇಬೇಕು ಸರ್. ಸರ್ಟ್‌ಬಾಟ್ ನಿಮ್ಮ ಮೂಲ ಬ್ಲಾಕ್ (ಸೆಟ್ಟಿಂಗ್ ಫೈಲಿನ ಭಾಗ) ಅನ್ನು ಎಚ್‌ಟಿಟಿಪಿಎಸ್ ಪೋರ್ಟ್ 443ಕ್ಕೆ ಸರಿಸಿ, 80ಕ್ಕೆ ಬೇರೆ ಬ್ಲಾಕ್ ಬರೆದಿರುತ್ತದೆ. ಅದರ ಕೊನೆಯಲ್ಲಿ 'ರಿಟರ್ನ್ 404' ಉಳಿದಿದೆ. ಅದನ್ನೂ ತೆಗೆದು, ಯಂತ್ರಗಳು ಬರುವ ಯುಆರ್‌ಎಲ್ ದಾರಿಗೆ ಮಾತ್ರ ಒಂದು ಲೊಕೇಶನ್ (ಆ ದಾರಿಯ ನಿಯಮ) ಬರೆಯಿರಿ, 443ರಲ್ಲಿರುವ ಪ್ರಾಕ್ಸಿ ಸಾಲುಗಳನ್ನೇ (ಕೋರಿಕೆಯನ್ನು ಹಿಂದಿನ ಆ್ಯಪ್‌ಗೆ ದಾಟಿಸುವವು) ಅಲ್ಲಿ ಹಾಕಿ. ಮಿಕ್ಕ ದಾರಿಗಳಿಗೆ ರೀಡೈರೆಕ್ಟ್ ಇರಲಿ, ಅದು ಒಳ್ಳೆಯದೇ. ಸದ್ಯಕ್ಕೆ 301 ಬದಲು 302 (ತಾತ್ಕಾಲಿಕ ರೀಡೈರೆಕ್ಟ್) ಇಡಿ. ಸೆಟ್ಟಿಂಗ್ ಪರೀಕ್ಷಿಸುವ 'ಎಂಜಿನ್‌ಎಕ್ಸ್ -ಟಿ' ಓಡಿಸಿ, ತಪ್ಪಿಲ್ಲ ಅಂದ ಮೇಲೇ ರೀಲೋಡ್. ಮುಂದೆ ಸರ್ಟ್‌ಬಾಟ್‌ಗೆ 'ನೋ-ರೀಡೈರೆಕ್ಟ್' ಆಯ್ಕೆ ಕೊಡಿ.

ಮಡಗಾಂವ್_ನೆಟ್:
ಬ್ರೌಸರ್‌ನಲ್ಲಿ ಪರೀಕ್ಷಿಸಬೇಡಿ, 301 ಅದರ ಕ್ಯಾಶ್‌ನಲ್ಲಿ (ನೆನಪಿನಲ್ಲಿ) ಕೂತಿರುತ್ತದೆ. ಸರ್ವರ್ ಉತ್ತರದ ಹೆಡರ್ ತೋರಿಸುವ 'ಕರ್ಲ್ -ಐ' ಆಜ್ಞೆ ನಿಜ ಹೇಳುತ್ತದೆ. ಎಚ್‌ಎಸ್‌ಟಿಎಸ್ ಹೆಡರ್ (ಎಚ್‌ಟಿಟಿಪಿಎಸ್ ಮಾತ್ರ ಬಳಸು ಅಂತ ಬ್ರೌಸರ್‌ಗೆ ಹೇಳುವ ಸಾಲು) ಇದ್ದರೆ ಸರ್ವರ್ ಸರಿಯಾದರೂ ಬ್ರೌಸರ್ ತಾನೇ 443ಕ್ಕೆ ಹೋಗುತ್ತದೆ. ಅದನ್ನು ಮರೆಸಲು ಆ ಹೆಡರ್‌ನಲ್ಲಿ 'ಮ್ಯಾಕ್ಸ್-ಏಜ್=0' ಅಂತ ಎಚ್‌ಟಿಟಿಪಿಎಸ್ ಮೂಲಕವೇ ಕಳಿಸಬೇಕು; 80ರಿಂದ ಕಳಿಸಿದರೆ ಬ್ರೌಸರ್ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಇನ್ನೊಂದು ವಿಷಯ: ಯಂತ್ರಗಳು ಪೋಸ್ಟ್ (ದಾಖಲೆ ಕಳಿಸುವ ಕೋರಿಕೆ) ಮಾಡುತ್ತಿದ್ದರೆ, 301 ಬಂದಾಗ ಎಷ್ಟೋ ಕ್ಲೈಂಟ್‌ಗಳು ಅದನ್ನು ಗೆಟ್ (ಬರೀ ಓದುವ ಕೋರಿಕೆ) ಮಾಡಿಬಿಡುತ್ತವೆ, ದಾಖಲೆ ಕಳೆದುಹೋಗುತ್ತದೆ. ಹಾಗಾಗಿ ಆ ದಾರಿಗೆ 302 ಕೂಡ ಬೇಡ.

ಠಾಣೆ_ಲಿನಕ್ಸ್:
ಹೌದು. ಆ ಲೊಕೇಶನ್‌ನಲ್ಲಿ 'ಅಲೌ' ಹಾಕಿ ಕಾರ್ಖಾನೆಯ ಐಪಿ ಮಾತ್ರ ಕೊಟ್ಟು, ಕೆಳಗೆ 'ಡಿನೈ ಆಲ್' ಬರೆಯಿರಿ. ಕೆಲಸಗಾರರ ಹಾಜರಿ ಬಿಚ್ಚಿದ ಪತ್ರದಂತೆ ಹೋಗುತ್ತಿರುತ್ತದೆ, ಬಾಗಿಲನ್ನು ಊರಿಗೆಲ್ಲ ತೆರೆದಿಡಬಾರದು.